ಹೆಸರು ಹೇಳದೆ ಓದಿಸಿದವರಿಗೆ

ನನ್ನ ಮಗಳನ್ನು ಓದಿಸಿದ ನಿಮ್ಮ ಹೆಸರನ್ನು ಟೀಚರ್ ನಮಗೆ ಇನ್ನೂ ಹೇಳಿಲ್ಲ. ಎಷ್ಟು ಕೇಳಿದರೂ "ಅವರಿಗೆ ಅದೆಲ್ಲ ಬೇಡವಂತೆ" ಎನ್ನುತ್ತಾರೆ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಿಮ್ಮ ಕಣ್ಣಿಗೆ ಬಿದ್ದರೆ ಸಾಕು.

ನಮ್ಮದು ರಾಯಚೂರು ಜಿಲ್ಲೆಯ ಸಣ್ಣ ಊರು. ಹತ್ತಿ ಬಿಡಿಸುವ ಕಾಲ ಬಂದರೆ ದೊಡ್ಡ ಹುಡುಗಿಯರು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ನಮ್ಮಂಥ ಮನೆಗಳಲ್ಲಿ ಕಷ್ಟ ಶುರುವಾಗುವುದೇ ಆಮೇಲೆ. ಸರ್ಕಾರಿ ಕಾಲೇಜಿನ ಫೀಸು ಜಾಸ್ತಿ ಇಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ. ಆದರೆ ಮಗಳು ಕೂಲಿಗೆ ಹೋಗದಿದ್ದರೆ ಮನೆಗೆ ಬರದೆ ಹೋಗುವ ದುಡ್ಡು? ಅದನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀವು ಹಿಡಿದಿರಿ. ಪುಸ್ತಕದ ಖರ್ಚಿನ ಜೊತೆಗೆ ತಿಂಗಳು ತಿಂಗಳು ಮನೆಗೂ ಒಂದಿಷ್ಟು ಕಳಿಸಿದಿರಿ. ಅದರಿಂದಲೇ ಅವಳ ಅಪ್ಪ "ಓದಲಿ ಬಿಡು" ಅಂದದ್ದು.

ಆಮೇಲೆ "ತಾಯಿ ಎಷ್ಟು ಓದಿದ್ದಾರೆ?" ಎಂದು ಕೇಳಿದಿರಂತೆ. ಹಾಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಬಹುದು ಅಂತ ಗೊತ್ತೇ ಇರಲಿಲ್ಲ. ಪರೀಕ್ಷೆ ಫೀಸು ನಿಮ್ಮದು. ಗಣಿತ ಹೇಳಿಕೊಟ್ಟದ್ದು ಮಗಳು, ರಾತ್ರಿ ಪಾತ್ರೆ ತೊಳೆದಾದ ಮೇಲೆ.

ಪಾಸಾದೆ. ನೀವು ಅಣ್ಣನೋ ಅಕ್ಕನೋ ಗೊತ್ತಿಲ್ಲ, ಆದರೆ ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಮಗಳು ಈಗ ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ಅವಳ ಪಿಯುಸಿ ಪುಸ್ತಕಗಳನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಿದ್ದೇವೆ. ನೀವು ಬೇಡ ಅನ್ನುವುದಿಲ್ಲ, ಅಲ್ವಾ?