ಭಾನುವಾರದ ರಿವಿಷನ್: ಟ್ರೈಜೆಮಿನಲ್ ನರ, ಎನಾಮಲ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 7ಕ್ಕೆ ಗೂಗಲ್ ಮೀಟ್‌ನಲ್ಲಿ ನೀಟ್ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ರಿವಿಷನ್ ಇದೆ. ಇಂಟರ್ನ್‌ಶಿಪ್ ಮಾಡುತ್ತಿರುವವರು, ಮುಗಿಸಿದವರು ಎಲ್ಲರೂ ಬನ್ನಿ. ಡ್ಯೂಟಿ ಇದ್ದವರು ಮೊದಲೇ ತಿಳಿಸಿ, ಅರ್ಧ ಗಂಟೆ ತಡವಾಗಿ ಶುರು ಮಾಡೋಣ.

ಮೊದಲು ಟ್ರೈಜೆಮಿನಲ್ ನರ, ಅಂದರೆ ಮುಖ, ಬಾಯಿಯ ಸ್ಪರ್ಶದ ಮುಖ್ಯ ನರ. ಕಳೆದ ಟೆಸ್ಟ್‌ನಲ್ಲಿ ಜಾಸ್ತಿ ಜನ ಎಡವಿದ್ದು ಇಲ್ಲೇ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ಸ್ಪರ್ಶ ಟ್ರೈಜೆಮಿನಲ್‌ನ ಕವಲಾದ ಲಿಂಗುವಲ್ ನರದ್ದು. ರುಚಿ ಮಾತ್ರ ಕಾರ್ಡಾ ಟಿಂಪನಿಯದ್ದು, ಅದು ಫೇಶಿಯಲ್ ನರದ ಕವಲು. ಎರಡೂ ಒಂದೇ ದಾರಿಯಲ್ಲಿ ಸೇರಿಕೊಳ್ಳುತ್ತವೆ, ಅದಕ್ಕೇ ಗೊಂದಲ. ಸುಮ್ನೆ ಓದಬೇಡಿ. ಹಾಳೆಯ ಮೇಲೆ ಚಿತ್ರ ಬರೆದು ಎರಡಕ್ಕೂ ಬೇರೆ ಬೇರೆ ಬಣ್ಣ ಹಾಕಿ, ಶನಿವಾರ ರಾತ್ರಿಯೊಳಗೆ ಫೋಟೊ ಇಲ್ಲಿ ಕಳಿಸಿ.

ಆಮೇಲೆ ಎನಾಮಲ್, ಹಲ್ಲಿನ ಹೊರಗಿನ ಗಟ್ಟಿ ಪದರ. ತೂಕದಲ್ಲಿ ಸುಮಾರು 96% ಖನಿಜ. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಕರಗಲು ಶುರು. ಫ್ಲೋರಪಟೈಟ್ (ಫ್ಲೋರೈಡ್ ಸೇರಿದ ಖನಿಜ) ಆದರೆ ಸುಮಾರು 4.5ರವರೆಗೆ ತಡೆಯುತ್ತದೆ. ಈ ಎರಡು ಅಂಕಿ ಅದಲುಬದಲು ಆಗಬಾರದು.

ಹಲ್ಲು ಹುಟ್ಟುವ ವಯಸ್ಸಿನ ಪಟ್ಟಿ ಮನೆಯಲ್ಲೇ ನೋಡಿಕೊಂಡು ಬನ್ನಿ.

ಕೊನೆಗೆ 40 ಪ್ರಶ್ನೆ, 30 ನಿಮಿಷ. ಪರೀಕ್ಷೆಯಲ್ಲಿ 240 ಪ್ರಶ್ನೆಗೆ 3 ಗಂಟೆ ಅಲ್ವಾ, ಅದೇ ಲೆಕ್ಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತೇವೆ. ಎಷ್ಟೇ ಅಂಕ ಬಂದರೂ ಮುಚ್ಚಿಡಬೇಡಿ, ಎಲ್ಲಿ ತಪ್ಪಿತು ಅಂತ ಕೂತು ನೋಡೋಣ.

ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಉತ್ತರಿಸಿ.