ದೂರದಿಂದ ಬಂದವರಿಗೆ ಬೀದರಿನಲ್ಲಿ ನೆಲೆ ಕೊಟ್ಟವರಿಗೆ

ಅನ್ಯಗ್ರಹದವರು ನಮ್ಮ ಸೀಮೆಗೆ ಬಂದಿಳಿದರೆ ಏನಾದೀತು ಎಂಬ ಕುತೂಹಲದ ಸುತ್ತ ಹೆಣೆದ ಆರು ಬಿಡಿ ಕಥೆಗಳ ನಮ್ಮ ಟಿ.ವಿ. ಸರಣಿಯ ಕೊನೆಯ ಕಂತು ಕಳೆದ ಭಾನುವಾರ ಪ್ರಸಾರವಾಯಿತು. ನಡುವೆ ನಾಲ್ಕು ತಿಂಗಳು ನಿಂತೇ ಹೋಗಿದ್ದ ಈ ಕೆಲಸ ಯಾರ ನೆರವಿನಿಂದ ದಡ ಸೇರಿತು ಎಂಬುದನ್ನು ಪರದೆಯ ಮೇಲೆ ಸರಸರನೆ ಓಡಿಹೋದ ಹೆಸರುಗಳ ಪಟ್ಟಿ ಹೇಳಲಾರದು. ಅದಕ್ಕಾಗಿ ಈ ಬರಹ.

ಮೊದಲ ವಂದನೆ ಬೀದರಿನ ಬಿದರಿ ಕುಶಲಕರ್ಮಿ, ನಾವೆಲ್ಲ ಚಾಚಾ ಎಂದೇ ಕರೆಯುವ ಹಿರಿಯರಿಗೆ. ಕೊನೆಯ ಕಥೆಯ ಬೀಜ 1977ರದು. ಆ ವರ್ಷ ಅಮೆರಿಕದಿಂದ ಹಾರಿದ ಎರಡೂ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ, ಅನ್ಯಗ್ರಹದವರಿಗೆ ಸಿಕ್ಕರೆ ಕೇಳಲೆಂದು ಇಟ್ಟ, ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಗಳಿದ್ದು, 55 ಭಾಷೆಗಳ ಶುಭಾಶಯಗಳ ನಡುವೆ ಕನ್ನಡಿಗರ ಪರವಾಗಿ ಹೇಳಿದ ಶುಭಾಶಯವೂ ಅವುಗಳಲ್ಲಿದೆ. ಆ ಕನ್ನಡ ಮಾತಿಗೆ ಮರುತ್ತರ ಬಂದರೆ, ಅದೂ ಬೀದರಿಗೇ ಬಂದರೆ ಎಂಬುದು ನಮ್ಮ ಕಥೆ. ಉತ್ತರ ಹೊತ್ತು ತರುವ ತಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿಸುವ ಅಂದಾಜಿನಲ್ಲಿದ್ದೆವು. ಅದರ ಚಿತ್ರ ನೋಡಿದ ಚಾಚಾ, “ಇದು ಆಟಿಕಿ ಕಂಡಂಗ ಕಾಣ್ತದ್ರೀ, ಆಕಾಶದಿಂದ ಬಂದಂಗಿಲ್ಲ” ಎಂದು ನಕ್ಕು, ಸತುವಿಗೆ ತುಸು ತಾಮ್ರ ಬೆರೆಸಿ ತಾವೇ ಎರಕ ಹೊಯ್ದರು. ಕೊರೆದ ಸಣ್ಣ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಲು ಅವರಿಗೆ ಹತ್ತು ದಿನ ಹಿಡಿಯಿತು. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನಾಲಿಗೆಯ ತುದಿಗಿಟ್ಟು ರುಚಿ ನೋಡಿ, ನವಸಾಗರವೆಂಬ ಲವಣದೊಡನೆ ಕಾಯಿಸಿದ ಆ ಮಣ್ಣಿನ ನೀರಿನಲ್ಲಿ ತಟ್ಟೆಯನ್ನು ಅದ್ದಿ ತೆಗೆದಾಗ, ಬೂದು ಲೋಹವೆಲ್ಲ ಅಮಾವಾಸ್ಯೆಯಂತೆ ಕಪ್ಪಾಗಿ ಬೆಳ್ಳಿಯ ಗೆರೆಗಳಷ್ಟೇ ಹೊಳೆದವು. ಆಗ ನಮ್ಮ ಕ್ಯಾಮೆರಾ ಓಡುತ್ತಿರಲಿಲ್ಲ. ಆ ಕೊರಗು ನನಗಿನ್ನೂ ಹೋಗಿಲ್ಲ.

ಎರಡನೆಯ ಕಂತಿನ ಚಿತ್ರೀಕರಣ ನಡೆದಿರುವಾಗಲೇ ಹಣ ಹಾಕಲು ಒಪ್ಪಿದ್ದವರು, ಬಿಸಿಲುನಾಡಿನ ಅನ್ಯಗ್ರಹದವರನ್ನು ಯಾರು ನೋಡುತ್ತಾರೆ ಎಂದು ಹಿಂದೆ ಸರಿದರು. ಸಂಭಾವನೆಯ ಮಾತೆತ್ತದೆ ಮತ್ತೆ ಬಂದು ಬಣ್ಣ ಹಚ್ಚಿಕೊಂಡ ಕಲಬುರಗಿಯ ರಂಗಭೂಮಿಯ ಗೆಳೆಯರಿಗೆ ನಾನು ಋಣಿ.

ನಿಂತಿದ್ದ ಆ ಕಂತು ಬೀದರಿನ ಪಕ್ಕದ ನೌಬಾದಿನ ಸುರಂಗ ಬಾವಿಯದು. ಬಹಮನಿ ಕಾಲದಲ್ಲಿ ನೆಲದಡಿ ಕೊರೆದ ಆ ನೀರ ಕಾಲುವೆಯಲ್ಲಿ ಅವಿತುಕೊಂಡ ಅತಿಥಿಯೊಬ್ಬ, ಸಾಲು ಗಾಳಿಬಾವಿಗಳ ಮೂಲಕ ನಮ್ಮ ಆಕಾಶವನ್ನು ರೂಪಾಯಿಯಗಲದ ತುಣುಕುಗಳಲ್ಲಿ ಮಾತ್ರ ಕಾಣುತ್ತಾನೆ. ಮೇ ತಿಂಗಳ ಬಿಸಿಲಿನಲ್ಲಿ ಸ್ಪಂಜಿನ ವೇಷ ತೊಟ್ಟ ನಟ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರದೆ ತತ್ತರಿಸುತ್ತಿದ್ದಾಗ, ಹತ್ತಿರದ ಮನೆಯ ಅವ್ವ ಹಸಿ ಗೋಣಿಚೀಲ ಮತ್ತು ಒಂದು ತಂಬಿಗೆ ಮಜ್ಜಿಗೆ ಹಿಡಿದು ಬಂದರು. “ಯಪ್ಪಾ, ಅಂವ ಯಾವ ಲೋಕದಾಂವರೇ ಆಗ್ಲಿ, ಮೊದ್ಲ ನೆಳ್ಳಿಗಿ ಕರ್ಕೊಂಡ್ ಬರ್ರಿ” ಎಂದ ಅವರ ಮಾತನ್ನು ಅನುಮತಿ ಕೇಳಿ ಹಾಗೆಯೇ ಸಂಭಾಷಣೆಯಲ್ಲಿ ಸೇರಿಸಿಕೊಂಡೆವು. ಆ ಕಂತಿನಲ್ಲಿ ನಾನು ಬರೆದ ಯಾವ ಮಾತೂ ಅದರ ಸಮಕ್ಕೆ ಬರಲಿಲ್ಲ.

ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದವರನ್ನು ಅತಿಥಿಗಳು ಭೇಟಿಯಾಗುವ ಕಥೆಯಲ್ಲಿ, ಆ ಆದಿಮಾನವರ ಕೈಗೆ ನಾವು ಬಿಲ್ಲುಬಾಣ ಕೊಟ್ಟುಬಿಟ್ಟಿದ್ದೆವು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮಾನ ಉಳಿಸಿದ ಇತಿಹಾಸದ ಮೇಷ್ಟ್ರಿಗೂ, ಏಳು ವೇಷಗಳನ್ನು ಉದ್ರಿಯಲ್ಲಿ ಹೊಲಿದುಕೊಟ್ಟ ದರ್ಜಿ ಕಾಕಾ ಅವರಿಗೂ ನಮಸ್ಕಾರಗಳು. ಕಾಕಾ ಅವರ ಬಾಕಿ ಈ ತಿಂಗಳೇ ಚುಕ್ತಾ ಆಗಲಿದೆ.

ತಟ್ಟೆಯನ್ನು ಚಾಚಾ ಅವರಿಗೇ ಮರಳಿಸಿದ್ದೇವೆ. ಕೊನೆಯ ಕಂತು ನೋಡಿದ ಓಣಿಯ ಹುಡುಗರು ಈಗ ಅಂಗಡಿಗೆ ಬಂದು, ಅದರ ಮೇಲೆ ಏನು ಬರೆದಿದೆ ಎಂದು ಕೇಳುತ್ತಾರಂತೆ. “ನನಗ ಓದ್ಲಿಕ್ಕ ಬರ್ತಿದ್ರ ಇಲ್ಯಾಕ ಕೂಡ್ತಿದ್ದೆ” ಎನ್ನುತ್ತಾ ಅವರು ಅದನ್ನು ಒರೆಸಿ ಮತ್ತೆ ಗೂಡಿನಲ್ಲಿಡುತ್ತಾರಂತೆ.