ಗೆಳೆಯನಿಗೊಂದು ಪತ್ರ: ಅಮ್ಮನ ಭಾಗವತದ ಕುರಿತು

ಪ್ರೀತಿಯ ಗೆಳೆಯ,

ಬುದ್ಧವಿಹಾರಕ್ಕೆ ಹೋಗಲು ಆರಂಭಿಸಿದ ಮೇಲೆ, ಅಮ್ಮ ನಿತ್ಯ ಪಾರಾಯಣ ಮಾಡುವ ಭಾಗವತವನ್ನು ನೀನು ಓದಬಹುದೋ ಬಾರದೋ ಎಂದು ಕೇಳಿದ್ದೀಯೆ. ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆದ್ದರಿಂದ ಅವಸರಪಡದೆ ಬರೆಯುತ್ತಿದ್ದೇನೆ.

ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ ಚಂಕಿ ಸುತ್ತದಲ್ಲಿ ಕಾಪಟಿಕನೆಂಬ 16 ವರ್ಷದ ಬ್ರಾಹ್ಮಣ ವಿದ್ಯಾರ್ಥಿ ಬರುತ್ತಾನೆ. ಹಿರಿಯರ ಮಾತಿನ ನಡುವೆ ಬಾಯಿ ಹಾಕಿದ ಅವನನ್ನು ಬುದ್ಧ ಮೊದಲು ತಡೆಯುತ್ತಾನೆ. ಆಮೇಲೆ ಅವನ ಮನಸ್ಸನ್ನರಿತು ತಾನೇ ಅವನತ್ತ ನೋಟ ತಿರುಗಿಸುತ್ತಾನೆ. ಪರಂಪರೆಯಿಂದ ಬಂದ ಮಂತ್ರಗಳನ್ನು ಕುರಿತು ‘ಇದೊಂದೇ ಸತ್ಯ, ಉಳಿದುದೆಲ್ಲ ಸುಳ್ಳು’ ಎಂದು ಬ್ರಾಹ್ಮಣರು ನಿಶ್ಚಯಿಸುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ ಎಂಬುದು ಹುಡುಗನ ಪ್ರಶ್ನೆ. ‘ನಾನಿದನ್ನು ಬಲ್ಲೆ, ನಾನಿದನ್ನು ಕಂಡೆ’ ಎನ್ನುವವರು ಅವರಲ್ಲಿ ಒಬ್ಬರಾದರೂ ಇದ್ದಾರೆಯೇ, ಏಳು ತಲೆಮಾರಿನ ಗುರುಗಳಲ್ಲಿ ಇದ್ದರೇ ಎಂದು ಬುದ್ಧ ಕೇಳುತ್ತಾನೆ. ಇಲ್ಲವೆಂದಾಗ, ಒಬ್ಬರನ್ನೊಬ್ಬರು ಹಿಡಿದು ಸಾಲಾಗಿ ನಡೆಯುವ ಕುರುಡರ ಹೋಲಿಕೆಯನ್ನು ಕೊಡುತ್ತಾನೆ. ಅನೇಕರು ಇಲ್ಲಿಗೇ ಓದು ನಿಲ್ಲಿಸಿ, ಬುದ್ಧ ಅನ್ಯಶಾಸ್ತ್ರಗಳನ್ನು ತಳ್ಳಿಹಾಕಿದನೆಂದು ಸಾರುತ್ತಾರೆ. ಆದರೆ ಅದರ ಮುಂದಿನ ಮಾತೇ ನನಗೆ ಮುಖ್ಯ: ‘ಇದು ನನ್ನ ಶ್ರದ್ಧೆ’ ಎಂದಷ್ಟೇ, ‘ಇದು ನಾನು ಹಿರಿಯರಿಂದ ಕೇಳಿದ್ದು’ ಎಂದಷ್ಟೇ ಹೇಳಿ, ಬೇರೆಲ್ಲ ಸುಳ್ಳೆಂಬ ತೀರ್ಮಾನಕ್ಕೆ ಹೋಗದವನು ಸತ್ಯವನ್ನು ಕಾಯುತ್ತಾನೆ. ಪಾಲಿಯಲ್ಲಿ ಇದಕ್ಕೆ ಸಚ್ಚಾನುರಕ್ಖಣಾ, ಅಂದರೆ ಸತ್ಯವನ್ನು ಕಾಯುವುದು, ಎಂದು ಹೆಸರು. ಗ್ರಂಥದಲ್ಲಿದೆ ಎಂಬ ಕಾರಣಕ್ಕೇ ಒಪ್ಪಬೇಡಿ ಎಂದು ಬುದ್ಧ ಕಾಲಾಮರೆಂಬ ಜನರಿಗೆ ಹೇಳಿದ ಮಾತನ್ನು ಬೌದ್ಧರು ತಮ್ಮ ಧರ್ಮಗ್ರಂಥವಾದ ತಿಪಿಟಕಕ್ಕೂ ಅನ್ವಯಿಸಿಕೊಳ್ಳಬೇಕಾಗುತ್ತದೆ.

ಹಾಗೆಂದು ಎಲ್ಲ ಗ್ರಂಥಗಳೂ ಒಂದೇ ಎಂದು ಬೌದ್ಧರು ಹೇಳುವುದಿಲ್ಲ. ಹೇಳಿದರೆ ಅದು ಅಪ್ರಾಮಾಣಿಕವಾದೀತು. 8ನೆಯ ಶತಮಾನದ ಬೌದ್ಧ ದಾರ್ಶನಿಕ ಶಾಂತರಕ್ಷಿತ ತನ್ನ ತತ್ತ್ವಸಂಗ್ರಹವೆಂಬ ಗ್ರಂಥದಲ್ಲಿ ಸೃಷ್ಟಿಕರ್ತನಾದ ಈಶ್ವರನನ್ನೂ ವೇದವನ್ನು ಯಾರೂ ರಚಿಸಿಲ್ಲವೆಂಬ ಅಪೌರುಷೇಯತ್ವವನ್ನೂ, ಒಂದು ವಸ್ತುವನ್ನು ಹಲವು ದೃಷ್ಟಿಗಳಿಂದ ಹೇಳಬಹುದೆಂಬ ಜೈನರ ಸ್ಯಾದ್ವಾದವನ್ನೂ ಬಿಡದೆ ಖಂಡಿಸುತ್ತಾನೆ. ಚಿನ್ನವನ್ನು ಕಾಯಿಸಿ, ಕತ್ತರಿಸಿ, ಒರೆಗೆ ಹಚ್ಚಿ ನೋಡುವಂತೆ ನನ್ನ ಮಾತನ್ನೂ ಪರೀಕ್ಷಿಸಿ, ಗೌರವಕ್ಕಾಗಿ ಒಪ್ಪಬೇಡಿ ಎಂಬ ಬುದ್ಧವಚನವೂ ಅದೇ ಗ್ರಂಥದಲ್ಲಿದೆ. ಅದರ ಸಂಸ್ಕೃತ ಹಸ್ತಪ್ರತಿಗಳು ನಮ್ಮ ಕಾಲದವರೆಗೆ ಉಳಿದು ಬಂದದ್ದು ಜೈನ ಭಂಡಾರಗಳಲ್ಲಿ. ತಮ್ಮನ್ನು ಖಂಡಿಸಿದ ಪುಸ್ತಕವನ್ನು ಶತಮಾನಗಳ ಕಾಲ ಜೋಪಾನ ಮಾಡಿದ ಆ ಕೈಗಳನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು; ವಿಗ್ರಹ ನಿಲ್ಲಿಸಲು ನಡುವೆ ಕೊರೆದದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಅದರಲ್ಲಿರುವ 12ನೆಯ ಶಾಸನ, ತನ್ನ ಪಂಥದ ಮೇಲಿನ ಭಕ್ತಿಯಿಂದ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿ ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳುವ ಮನಸ್ಸಿರಬೇಕು ಎನ್ನುತ್ತದೆ.

ಇನ್ನು ನಿನ್ನ ಪ್ರಶ್ನೆ. ನಿಗಂಠರ, ಅಂದರೆ ಜೈನ ಮುನಿಗಳ, ಅನುಯಾಯಿಯಾಗಿದ್ದ ನಾಲಂದದ ಉಪಾಲಿ ಗೃಹಪತಿ ವಾದಕ್ಕೆಂದು ಬಂದು ಬುದ್ಧನಿಗೆ ಶರಣಾದಾಗ, ಬುದ್ಧ ಅವನಿಗೆ ಚೆನ್ನಾಗಿ ವಿಚಾರಮಾಡು ಎಂದ. ನಿನ್ನ ಮನೆ ಬಹುಕಾಲದಿಂದ ನಿಗಂಠರಿಗೆ ನೀರಿನ ಬಾವಿಯಂತಿದೆ, ಅವರು ಬಂದರೆ ಭಿಕ್ಷೆ ನೀಡುವುದನ್ನು ನಿಲ್ಲಿಸಬೇಡ ಎಂದೂ ಹೇಳಿದ. ಅಮ್ಮನ ಕಣ್ಣು ಈಚೆಗೆ ಮಂಜಾಗಿದೆಯೆಂದು ಬರೆದಿದ್ದೀಯಲ್ಲ, ಈ ಶ್ರಾವಣದಲ್ಲಿ ಅವರ ಭಾಗವತವನ್ನು ನೀನೇ ಗಟ್ಟಿಯಾಗಿ ಓದಿ ಹೇಳು.

ಇಂತಿ ನಿನ್ನ,
ಗೆಳೆಯ